ಬಟ್ಟಲು ಕೊಟ್ಟ ಕೈ

ಬೆಳಗ್ಗೆ ಬಾಯಿ ತೊಳೆಸುವ ಹೊತ್ತಿನಲ್ಲಿ ಗೋಡೆ ಬದಿಯ ಹಾಸಿಗೆಯ ಮುದುಕ ಸಣ್ಣ ಸಿಸ್ಟರಿನ ಬೆರಳು ಕಚ್ಚಿದ. ಒಂದು ಕಾಲದಲ್ಲಿ ಬಡಗಿಯಾಗಿದ್ದವನು. ಬಾಯಿಗೆ ಬಂದದ್ದನ್ನೆಲ್ಲ ಮೊಳೆ ಎಂದುಕೊಂಡು ಹಲ್ಲಲ್ಲಿ ಹಿಡಿದಿಟ್ಟುಕೊಳ್ಳುವುದು ಅವನ ಚಾಳಿ. ಬೇರೆ ದಿನವಾಗಿದ್ದರೆ “ಮೇಸ್ತ್ರಿ, ಇದು ಮೊಳೆ ಅಲ್ಲಪ್ಪ, ನನ್ನ ಬೆರಳು. ನಾಳೆಗೂ ಬೇಕು, ವಾಪಸ್ ಕೊಡಿ” ಎಂದು ಕೆನ್ನೆ ತಟ್ಟಿ ಬಿಡಿಸಿಕೊಳ್ಳುತ್ತಿದ್ದಳು. ಇವತ್ತು ಬಿಡಿಸಿಕೊಳ್ಳಲಿಲ್ಲ. ಕಚ್ಚಲಿ ಎಂದು ನಿಂತಳು. ಕೈಗವಸಿನೊಳಗೆ ಬೆರಳು ಮಿಡಿಯಿತು, ನೋವು ಮೊಣಕೈಯವರೆಗೆ ಹತ್ತಿತು, ನೋವಿನ ಜೊತೆಗೇ ಒಂದು ಬಗೆಯ ಸಮಾಧಾನವೂ ಹರಿದು ಬಂದದ್ದನ್ನು ಕಂಡು ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ಇದೇ ಬೆರಳು ನಿನ್ನೆ ಮಧ್ಯಾಹ್ನ ಕಿಟಕಿ ಅಜ್ಜಿಯ ಬಾಯೊಳಗಿತ್ತು. ಬೆಚ್ಚಗಿನ, ತುಂಬಿಕೊಂಡ ಬಾಯಿ. ಗೋರಿದಷ್ಟೂ ಗಂಜಿ, ಈ ಕೆನ್ನೆಯಲ್ಲಿ, ಆ ಕೆನ್ನೆಯಲ್ಲಿ, ನಾಲಿಗೆಯ ಕೆಳಗೆ, ಗಂಟಲಿನ ದಾರಿಗೆ ಅಡ್ಡವಾಗಿ ಮೆತ್ತಿಕೊಂಡು. ಇಷ್ಟು ಸಣ್ಣ ಮುದುಕಿಯ ಬಾಯಲ್ಲಿ ಇಷ್ಟೊಂದು ಜಾಗವಿದೆಯೇ ಎಂದು ಆಗ ಅನ್ನಿಸಿತ್ತು. ಅಂಥ ಹೊತ್ತಿನಲ್ಲೂ ಮನಸ್ಸು ಇಂಥದನ್ನು ಯೋಚಿಸುತ್ತದೆ. ಅದಕ್ಕೆ ನಾಚಿಕೆ ಎಂಬುದಿಲ್ಲ. ಕಿಟಕಿ ಅಜ್ಜಿಯನ್ನು ನಿನ್ನೆಯೇ ಕೊಂಡೊಯ್ದರು. ಕಿಟಕಿಯ ಕೆಳಗಿನ ಅವಳ ಹಾಸಿಗೆಯನ್ನು ಔಷಧಿ ನೀರಿನಲ್ಲಿ ಒರೆಸಿ ಹೊಸ ಹೊದಿಕೆ ಬಿಗಿದದ್ದೂ ಆಯಿತು.

“ಸಣ್ಣ ಸಿಸ್ಟರ್! ಬಾ ಇಲ್ಲಿ. ಈ ಹಾಸಿಗೆ ಮೂಲೆ ನೋಡು. ಯಾರು ಮಡಿಸಿದ್ದು ಇದನ್ನ, ಪೇಪರ್ ಹಾಕೋನಾ?”

ದೊಡ್ಡ ಸಿಸ್ಟರು ಎದ್ದುಬಿಟ್ಟಿದ್ದರು. ಉಲ್ಟಾ ಹಾಕಿಕೊಂಡ ಸ್ವೆಟರು, ಒಂದೇ ಕಾಲಿಗೆ ಚಪ್ಪಲಿ, ಬೆನ್ನು ಮಾತ್ರ ಇಂದಿಗೂ ಕೋಲಿನಂತೆ ನೆಟ್ಟಗೆ. ಖಾಲಿ ಹಾಸಿಗೆಯ ಪಕ್ಕ ನಿಂತು ಹೊದಿಕೆಯ ಮೂಲೆಯನ್ನು ಕಿತ್ತು ಮತ್ತೆ ಮಡಿಸುತ್ತಿದ್ದರು. “ಈ ಪೇಷಂಟ್ ಎಲ್ಲಿ? ಡಿಸ್ಚಾರ್ಜ್ ಆಯ್ತಾ?”

“ಆಯ್ತು ಸಿಸ್ಟರ್.”

“ಸದ್ಯ. ನಡ್ಕೊಂಡೇ ಹೋದ್ಲಾ?”

ನೆಲ ಒರೆಸುತ್ತಿದ್ದ ಆಯಾ ಬಕೆಟ್ಟಿನ ಕಡೆ ಮುಖ ತಿರುಗಿಸಿಕೊಂಡಳು. “ನಡ್ಕೊಂಡೇ ಹೋದ್ಲು” ಎಂದಳು ಸಣ್ಣ ಸಿಸ್ಟರ್.

ತಲೆಯಲ್ಲಿ ಬಿಳಿಕೂದಲು ಹೊಕ್ಕ ಮೇಲೂ ಅವಳು ಇಲ್ಲಿ ಎಲ್ಲರಿಗೂ ಸಣ್ಣ ಸಿಸ್ಟರೇ. ತರಬೇತಿಗೆ ಬಂದ ಹೊಸತರಲ್ಲಿ ಆ ಹೆಸರಿಟ್ಟವರು ಈ ದೊಡ್ಡ ಸಿಸ್ಟರೇ. ಆಗ ಇವರು ದೊಡ್ಡ ಆಸ್ಪತ್ರೆಯ ವಾರ್ಡ್ ಇನ್‌ಚಾರ್ಜು. ಕಾರಿಡಾರಿನ ಆ ತುದಿಯಲ್ಲಿ ಇವರ ಚಪ್ಪಲಿ ಸದ್ದು ಕೇಳಿದರೆ ಈ ತುದಿಯಲ್ಲಿ ಹುಡುಗಿಯರು ಟೊಪ್ಪಿ ಸರಿಮಾಡಿಕೊಳ್ಳುತ್ತಿದ್ದರು. ನಿವೃತ್ತಿಯಾಗಿ ಎಷ್ಟೋ ವರ್ಷಗಳ ಮೇಲೆ, ಮರೆವಿನವರನ್ನು ಇಟ್ಟುಕೊಳ್ಳುವ ಈ ಮನೆಗೆ ಅವರ ತಮ್ಮ ಕೈಹಿಡಿದು ಕರೆತಂದಾಗ, ಅವರು ತಾವು ಡ್ಯೂಟಿಗೆ ಬಂದಿದ್ದೇವೆ ಎಂದುಕೊಂಡರು. ಸೂಟ್‌ಕೇಸು ಇಳಿಸುವ ಮೊದಲೇ “ಈ ವಾರ್ಡಿನ ವಾಸನೆ ನೋಡು, ಯಾರಿಲ್ಲಿ ಇನ್‌ಚಾರ್ಜು?” ಎಂದು ಗದರಿದರು. ಇನ್‌ಚಾರ್ಜು ಸಣ್ಣ ಸಿಸ್ಟರೇ. ಅವಳು ನಕ್ಕಳು, ನಂತರ ಬಟ್ಟೆ ಕೋಣೆಗೆ ಹೋಗಿ ಅತ್ತಳು, ಮತ್ತೆ ಬಂದು ಅವರ ಡಯಾಪರ್ ಬದಲಿಸಿದಳು.

ತಿನ್ನಿಸುವುದೆಂದರೆ ಏನೆಂದು ಹೊರಗಿನವರಿಗೆ ಗೊತ್ತಿಲ್ಲ. ಚಮಚ ಬಾಯಿಗಿಟ್ಟರೆ ಮುಗಿಯಿತು ಎಂದುಕೊಳ್ಳುತ್ತಾರೆ. ಇಲ್ಲಿಯವರು ಹಸಿವನ್ನು ಮರೆತವರು, ಅದಾದ ಮೇಲೆ ಅಗಿಯುವುದನ್ನು ಮರೆತವರು, ಕಟ್ಟಕಡೆಗೆ ನುಂಗುವುದನ್ನೂ. ಎದುರು ಕೂತು, ಕಣ್ಣಿಗೆ ಕಣ್ಣು ಸಿಗುವಷ್ಟು ತಗ್ಗಿ, ಕೆಳದುಟಿಗೆ ಚಮಚ ತಾಗಿಸಿ ಕಾಯಬೇಕು. ಬಾಯಿ ತೆರೆದರೆ ಅರ್ಧ ಚಮಚ. ಆಮೇಲೆ ಗಂಟಲನ್ನು ನೋಡಬೇಕು. ಗಂಟಲು ಒಮ್ಮೆ ಏರಿ ಇಳಿಯುವ ತನಕ ಮುಂದಿನದು ಇಲ್ಲ. ಏರದಿದ್ದರೆ ಖಾಲಿ ಚಮಚ ಒಮ್ಮೆ ನಾಲಿಗೆಗೆ ಒತ್ತಿ, ಕುತ್ತಿಗೆ ನೇವರಿಸಿ, ‘ನುಂಗಮ್ಮ, ನುಂಗು ತಾಯಿ’ ಎಂದು ಗೋಗರೆಯಬೇಕು. ಒಂದೊಂದು ಬಾಯಿಗೆ ಒಂದೊಂದು ತಪಸ್ಸು. ಇಡೀ ಹಾಲಿಗೆ ಒಬ್ಬ ನರ್ಸು, ಒಬ್ಬಳು ಆಯಾ. ಇನ್ನೊಬ್ಬಳನ್ನು ಕೊಡಿ ಎಂದು ಕೇಳಿ ಕೇಳಿ ಅವಳ ಬಾಯಿ ಒಣಗಿತ್ತು. ಪ್ರತಿ ಸಲವೂ ಮ್ಯಾನೇಜರು “ನೋಡೋಣ” ಎನ್ನುತ್ತಿದ್ದ, ನೋಡುವುದು ಎಂಬುದು ಅವನ ಪಾಲಿಗೆ ಒಂದು ಪೂರ್ಣಾವಧಿ ಕೆಲಸವೆಂಬಂತೆ. ಅಂಥದರಲ್ಲಿ ಒಂದು ಮಧ್ಯಾಹ್ನ ಹಾಲಿನಲ್ಲಿ ಓಡಾಡಿ ಎಲ್ಲರ ಹೊದಿಕೆ ಕೀಳುತ್ತಿದ್ದ ದೊಡ್ಡ ಸಿಸ್ಟರನ್ನು ಸುಮ್ಮನೆ ಕೂರಿಸಲು ಅವಳು ಒಂದು ಖಾಲಿ ಬಟ್ಟಲು, ಚಮಚ ಕೊಟ್ಟಳು. ಅವರು ಕೂತರು. ಒಬ್ಬ ಮುದುಕಿಯ ಎದುರು ಕೂತು, ಗಲ್ಲದ ಕೆಳಗೆ ಬಟ್ಟೆ ಸಿಕ್ಕಿಸಿ, ಕೆಳದುಟಿಗೆ ಚಮಚ ತಾಗಿಸಿ ಕಾದರು. ಆಯಾ ದಂಗಾಗಿ ನಿಂತಳು. “ಅಯ್ಯಯ್ಯೋ, ಅವರ ಕೈ ನೋಡಿ ಅಕ್ಕ. ತಲೆ ರಜಾ ಹಾಕಿದೆ, ಕೈ ಮಾತ್ರ ಡ್ಯೂಟಿ ಮೇಲಿದೆ.” ಮಾರನೆಯ ದಿನ ಖಾಲಿ ಬಟ್ಟಲಿನಲ್ಲಿ ಎರಡು ಚಮಚ ಗಂಜಿ ಬಂತು. ವಾರ ಕಳೆಯುವುದರಲ್ಲಿ ಪೂರ್ತಿ ಬಟ್ಟಲೇ ಬಂತು. ಚೆನ್ನಾಗಿ ನುಂಗುವವರದ್ದನ್ನು ಮಾತ್ರ ಕೊಡುವುದು ಎಂದು ಅವಳು ತನಗೆ ತಾನೇ ಒಂದು ನಿಯಮ ಮಾಡಿಕೊಂಡಳು. ನಿಯಮವಿದ್ದರೆ ತಪ್ಪು ಕೆಲಸವೂ ಪದ್ಧತಿಯಾಗುತ್ತದೆ. ಹೊರಗಿನಿಂದ ದಾನಿಗಳು ಬಂದು ಹೋದಾಗ ಮ್ಯಾನೇಜರು ಆ ದೃಶ್ಯದ ಫೋಟೋ ತೆಗೆಸಿ, ದೊಡ್ಡದು ಮಾಡಿಸಿ, ಬಾಗಿಲ ಎದುರಿನ ಗೋಡೆಗೆ ಹಾಕಿಸಿದ್ದ. ದೊಡ್ಡ ಸಿಸ್ಟರು, ಕಿಟಕಿ ಅಜ್ಜಿ, ನಡುವೆ ಚಮಚ. ಕೆಳಗೆ ಬಂಗಾರದ ಬಣ್ಣದ ಅಕ್ಷರ: ‘ಇಲ್ಲಿ ಪ್ರೀತಿಗೆ ಮರೆವಿಲ್ಲ.’

ಇವತ್ತು ಒಳಗೆ ಬರುವಾಗ ಆ ಗೋಡೆಯ ಮೇಲೆ ಫೋಟೋ ಇರಲಿಲ್ಲ. ಸುತ್ತಲಿನ ಬಣ್ಣಕ್ಕಿಂತ ಬೆಳ್ಳಗಿನ ಒಂದು ಚೌಕ, ಒಂದು ಮೊಳೆ. ಯಾರೋ ತನಗಿಂತ ಮೊದಲೇ ಎದ್ದು, ತನಗಿಂತ ಚೆನ್ನಾಗಿ ಯೋಚನೆ ಮಾಡಿದ್ದರು.

ನಿನ್ನೆ ಆಯಾ ರಜೆ. ಬದಲಿಗೆ ಯಾರೂ ಬರಲಿಲ್ಲ. ಊಟದ ಹೊತ್ತಿಗೆ ಸರಿಯಾಗಿ ಮೇಸ್ತ್ರಿ ಬಚ್ಚಲ ಬಾಗಿಲಲ್ಲಿ ಜಾರಿ ಬಿದ್ದ. ಸಣ್ಣ ಸಿಸ್ಟರ್ ಆಗ ಕಿಟಕಿ ಅಜ್ಜಿಯ ಎದುರು ಕೂತಿದ್ದಳು. ಅಜ್ಜಿ ಆ ವಾರವಷ್ಟೇ ತುತ್ತನ್ನು ನುಂಗದೆ ಕೆನ್ನೆಯಲ್ಲಿ ಇಟ್ಟುಕೊಳ್ಳಲು ಶುರು ಮಾಡಿದ್ದಳು. ಅದು ಸಣ್ಣ ಸಿಸ್ಟರಿಗೆ ಗೊತ್ತಿತ್ತು, ಗೊತ್ತಿದ್ದುದಕ್ಕೇ ತಾನೇ ಕೂತಿದ್ದಳು. ಬಿದ್ದ ಸದ್ದು, ಮೇಸ್ತ್ರಿಯ ಕಿರುಚಾಟ. ಎದ್ದಳು. ಪಕ್ಕದಲ್ಲಿ ದೊಡ್ಡ ಸಿಸ್ಟರು ಕೈಚಾಚಿಕೊಂಡು ನಿಂತಿದ್ದರು, “ಕೊಡಿಲ್ಲಿ, ನೀನು ಹೋಗು.” ಆ ದನಿ, ಅದೇ ದನಿ, ಇಪ್ಪತ್ತು ವರ್ಷ ಯಾವ ದನಿಗೆ ಅವಳ ಕಾಲು ತಾನಾಗಿ ಓಡುತ್ತಿತ್ತೋ ಅದು. ಬಟ್ಟಲು ಕೊಟ್ಟಳು. ಮೇಜಿನ ಮೇಲೆ ಇಡಬಹುದಿತ್ತು. ಕಿಟಕಿಯ ಕಟ್ಟೆಯ ಮೇಲೆ ಇಡಬಹುದಿತ್ತು. ಕೊಟ್ಟಳು. ಮೇಸ್ತ್ರಿಯನ್ನು ಎತ್ತಿ, ಮೊಣಕಾಲು ಒತ್ತಿ ನೋಡಿ, ಒದ್ದೆ ಬಟ್ಟೆ ಬದಲಿಸಿ ಬರುವಾಗ ಬಟ್ಟಲು ಖಾಲಿಯಾಗಿತ್ತು. ದೊಡ್ಡ ಸಿಸ್ಟರು ಖಾಲಿ ಬಟ್ಟಲಿನಲ್ಲಿ ಚಮಚ ಗೀರುತ್ತ, “ಇನ್ನೊಂದು, ಬಾಯಿ ತೆಗಿ ನನ್ನಮ್ಮ” ಎನ್ನುತ್ತಿದ್ದರು. ಅಜ್ಜಿಯ ತುಟಿ ನೀಲಿಯಾಗಿತ್ತು. ಕೈಗೆ ಎಲ್ಲ ನೆನಪಿತ್ತು: ಬಟ್ಟೆ ಸಿಕ್ಕಿಸಿದ್ದರು, ತಲೆಯನ್ನು ಸರಿಯಾಗಿ ಮುಂದಕ್ಕೆ ಬಾಗಿಸಿದ್ದರು, ತುಟಿಯಂಚನ್ನು ಒರೆಸಿದ್ದರು. ಹಿಂದಿನ ಚಮಚ ಒಳಗೆ ಹೋಯಿತೇ ಎಂದು ನೋಡಲು ಹಿಂದಿನದೊಂದು ಚಮಚವಿತ್ತೆಂಬುದು ನೆನಪಿರಬೇಕಲ್ಲ. ಅವರಿಗೆ ಪ್ರತಿ ಚಮಚವೂ ಮೊದಲನೆಯ ಚಮಚ.

ಇವತ್ತು ಬೆಳಗ್ಗೆಯೇ ಮ್ಯಾನೇಜರು ಕರೆಸಿದ. ಎಷ್ಟೋ ವರ್ಷದಲ್ಲಿ ಮೊದಲ ಸಲ “ಕೂತ್ಕೊಳ್ಳಿ ಸಿಸ್ಟರ್” ಎಂದ. ಕುರ್ಚಿ ತಣ್ಣಗಿತ್ತು.

“ಅಜ್ಜಿ ಮಗಳು ಊಟಕ್ಕೆ ಮುಂಚೆ ಬರ್ತಾರೆ. ಏನಾಯ್ತು ಅಂತ ಕೇಳ್ತಾರೆ. ಏನಾಯ್ತು?”

“ಬಟ್ಟಲು ನಾನೇ ಕೊಟ್ಟೆ ಸರ್.”

“ನಾನು ಅದನ್ನ ಕೇಳಿಲ್ಲ. ಏನಾಯ್ತು ಅಂದೆ.”

ಅವನು ಕನ್ನಡಕ ತೆಗೆದು ಒರೆಸಿದ. ಒಳ್ಳೆಯ ಮನುಷ್ಯನಂತೆ ಕಾಣುತ್ತಿದ್ದ. ಅದೇ ಅವನ ಕಷ್ಟ. “ಊಟದ ಗಾಡಿ ನಿಂತಿತ್ತು. ನೀವು ಬಿದ್ದ ಪೇಷಂಟನ್ನ ನೋಡ್ಕೋತಿದ್ರಿ, ನಿಮ್ಮ ಕರ್ತವ್ಯ ಅದು. ಆಗ ಒಬ್ಬ ಪೇಷಂಟು ಬಟ್ಟಲು ತಗೊಂಡು ಇನ್ನೊಬ್ಬರಿಗೆ ತಿನ್ನಿಸಿಬಿಟ್ರು. ಇಷ್ಟೇ ಆಗಿದ್ದು.”

“ದಿನಾ ಕೊಡ್ತಿದ್ವಿ ಸರ್. ಎಲ್ಲರಿಗೂ ಗೊತ್ತು. ನೀವೇ ಫೋಟೋ...”

“ಯಾವ ಫೋಟೋ?” ಎಂದ ಮೆಲ್ಲಗೆ. ಆಮೇಲೆ ಇನ್ನೂ ಮೆಲ್ಲಗೆ, “ನಿಮ್ಮ ಲೈಸೆನ್ಸ್ ಹೋಗತ್ತೆ. ಹೋಗ್ಲಿ ಅಂದ್ಕೊಳ್ಳೋಣ, ನೀವು ಧೈರ್ಯವಂತರು. ನಾಳೆ ಈ ಹಾಲಿಗೆ ಯಾರು ಬರ್ತಾರೆ? ಯಾರೂ ಬರಲ್ಲ. ಅಷ್ಟು ಜನ ಹಸ್ಕೊಂಡಿರ್ತಾರೆ. ಇನ್ನು ದೊಡ್ಡ ಸಿಸ್ಟರು. ಅವರ ಮೇಲೆ ಹೇಳಿದ್ರೆ ಅವರಿಗೇನು ನಷ್ಟ? ಸಂಜೆಗೆ ನೆನಪಿರತ್ತಾ? ನೋಯೋರೇ ಇಲ್ಲದ ಕಡೆ ನೋವು ಎಲ್ಲಿಂದ ಬರತ್ತೆ, ಹೇಳಿ. ಊಟದ ಹೊತ್ತಲ್ಲಿ ಮಾತ್ರ ಅವರನ್ನ ಕುರ್ಚಿಗೆ ಕಟ್ಟಿಬಿಡಿ. ಇವತ್ತಿಂದಾನೇ. ಮಗಳು ಕೇಳಿದ್ರೆ ಕ್ರಮ ತಗೊಂಡಿದೀವಿ ಅನ್ನೋಕಾಗತ್ತೆ.”

ಅವಳು ಆ ಮಾತಿನಲ್ಲಿ ಬಿರುಕು ಹುಡುಕಿದಳು. ಸಿಗಲಿಲ್ಲ. ಎಲ್ಲಿ ಮುಟ್ಟಿದರೂ ನುಣುಪು, ಒರೆಸಿದ ನೆಲದ ಹಾಗೆ. ಕಾರಿಡಾರಿನಲ್ಲಿ ನಡೆಯುತ್ತ ಅವಳಿಗೆ ಒಂದೊಂದಾಗಿ ಕಾಣತೊಡಗಿತು. ಎಷ್ಟು ದಿನದಿಂದ ಈ ಮನೆ ಒಬ್ಬ ಮರೆವಿನ ಮುದುಕಿಯ ಕೈಯಿಂದ ಸಂಬಳವಿಲ್ಲದೆ ದುಡಿಸಿಕೊಂಡಿತ್ತು. ಆ ಎರಡು ಕೈ ಇದ್ದುದರಿಂದಲೇ ‘ನೋಡೋಣ’ ಎನ್ನುವುದು ಅವನಿಗೆ ಸಾಧ್ಯವಾಗಿತ್ತು. ಚಾಚಿದ ಕೈ, ಬೇಡವೆನ್ನಲು ತಿಳಿಯದ ಕೈ. ಕೆಲಸವನ್ನು ಎಷ್ಟು ಸಲೀಸಾಗಿ ಇಟ್ಟಿದ್ದರೋ ಅಷ್ಟೇ ಸಲೀಸಾಗಿ ಈಗ ಸಾವನ್ನೂ ಅದೇ ಕೈಯಲ್ಲಿ ಇಡುತ್ತಿದ್ದರು. ಇಟ್ಟವರು ಯಾರು? ಮ್ಯಾನೇಜರು ಎಂದು ಬೈದುಕೊಂಡಳು. ಬೈಗುಳ ಮುಗಿದ ಮೇಲೂ ಒಂದು ಕೈ ಉಳಿಯಿತು. ಅದರ ಬೆರಳಲ್ಲಿ ಮೇಸ್ತ್ರಿಯ ಹಲ್ಲಿನ ಗುರುತಿತ್ತು. ನಿನ್ನೆ ಸಂಜೆ ಮನೆಯಲ್ಲಿ ಗಂಡ ತಟ್ಟೆ ಮುಂದಿಟ್ಟು “ಏನಾಯ್ತೇ, ಮಾತೇ ಇಲ್ಲ” ಎಂದಿದ್ದ. ಬಾಯಿಗಿಟ್ಟ ತುತ್ತು ಕೆನ್ನೆಯಲ್ಲೇ ಕೂತಿತ್ತು. “ತಲೆನೋವು” ಎಂದಿದ್ದಳು ತುತ್ತನ್ನು ಹಾಗೇ ಇಟ್ಟುಕೊಂಡು. ಎಷ್ಟು ಸುಲಭ ಹಾಗೆ ಇಟ್ಟುಕೊಳ್ಳುವುದು. ನುಂಗಲೂ ಬೇಡ, ಉಗುಳಲೂ ಬೇಡ.

ಮಗಳು ಬಂದಳು. ಸುದ್ದಿ ಕೇಳಿ ನಿನ್ನೆ ಬಟ್ಟೆ ಕಾರ್ಖಾನೆಯಿಂದ ಹೊರಟ ಬಟ್ಟೆಯಲ್ಲೇ ಇದ್ದಳು; ನಡೆದದ್ದನ್ನು ಮ್ಯಾನೇಜರು ತನ್ನ ರೀತಿಯಲ್ಲಿ ಆಗಲೇ ಹೇಳಿದ್ದ. ತೋಳಿನ ಮೇಲೆ ಬಣ್ಣಬಣ್ಣದ ನೂಲಿನ ತುಣುಕುಗಳು ಅಂಟಿಕೊಂಡಿದ್ದವು. ಅಮ್ಮನ ಬಾಚಣಿಗೆ, ಕನ್ನಡಕ, ಒಂದು ಶಾಲು, ಇಷ್ಟನ್ನು ಚೀಲಕ್ಕೆ ತುಂಬಿ ಕಿಟಕಿಯಾಚೆ ನೋಡುತ್ತ ನಿಂತಳು. ಅಮ್ಮ ದಿನವಿಡೀ ಏನು ನೋಡುತ್ತಿದ್ದಳೆಂದು ಹುಡುಕುತ್ತಿದ್ದಳೋ ಏನೋ. ಅಲ್ಲಿ ನೀರಿನ ಟ್ಯಾಂಕು, ಒಂದು ಗೋಡೆ ಬಿಟ್ಟು ಏನೂ ಇರಲಿಲ್ಲ.

“ಅಕ್ಕ, ಒಂದು ಕೇಳ್ತೀನಿ. ಹಸ್ಕೊಂಡು ಹೋಗ್ಲಿಲ್ಲ ತಾನೆ?”

“ಇಲ್ಲಮ್ಮ. ಊಟ ಮಾಡ್ತಾ ಇದ್ರು.”

ನಿಜವೇ. ಇಷ್ಟು ಪೂರ್ತಿಯಾದ ನಿಜ ಇಷ್ಟು ದೊಡ್ಡ ಸುಳ್ಳಾಗಬಹುದೆಂದು ಅವಳು ತಿಳಿದಿರಲಿಲ್ಲ. ಮಗಳು ತಲೆಯಾಡಿಸಿದಳು. ಕಣ್ಣೊರೆಸಿಕೊಂಡಳು. ಆಮೇಲೆ ಏನೋ ಒಳಗಿನಿಂದ ಉಕ್ಕಿ ಬಂದಂತೆ ಹಿಂದೆ ನಿಂತಿದ್ದ ಮ್ಯಾನೇಜರ ಕಡೆ ತಿರುಗಿದಳು. “ಆ ಹೆಂಗಸು ಯಾರು? ತಿನ್ನಿಸಿದೋಳು. ತೋರ್ಸಿ ನಂಗೆ.” ತೋರಿಸುವ ಅಗತ್ಯವಿರಲಿಲ್ಲ. ಗಲಾಟೆ ಕೇಳಿ ದೊಡ್ಡ ಸಿಸ್ಟರು ತಾವೇ ಬರುತ್ತಿದ್ದರು, ಒಂದು ಚಪ್ಪಲಿಯ ಸದ್ದು ಮಾಡುತ್ತ.

“ನೀವೇನಾ?” ಮಗಳ ದನಿ ಒಡೆಯಿತು. “ಅಲ್ಲ, ಇವರಿಗೆ ತಲೆ ಸರಿ ಇಲ್ಲ, ನೀವೆಲ್ಲ ಎಲ್ಲಿ ಹಾಳಾಗಿ ಹೋಗಿದ್ರಿ?” ಸಣ್ಣ ಸಿಸ್ಟರಿನ ಎದೆಗೆ ಬೆರಳು ತಿವಿಯುವಷ್ಟು ಹತ್ತಿರ ಬಂದಳು. “ನೀನು ಎಲ್ಲಿದ್ದೆ? ಹೇಳು, ಎಲ್ಲಿದ್ದೆ ನೀನು?”

“ದನಿ ಇಳ್ಸಮ್ಮ,” ಎಂದರು ದೊಡ್ಡ ಸಿಸ್ಟರು. ಇಬ್ಬರ ನಡುವೆ ಬಂದು ನಿಂತರು. ಉಲ್ಟಾ ಸ್ವೆಟರಿನ ಹೊಲಿಗೆ, ನೆಟ್ಟಗಿನ ಬೆನ್ನು. “ಪೇಷಂಟುಗಳಿದಾರೆ ಇಲ್ಲಿ. ನನ್ನ ಹುಡುಗಿ ಮೇಲೆ ಕೂಗಬೇಡ. ಈ ವಾರ್ಡು ನಂದು. ಇಲ್ಲಿ ಏನೇ ಆಗಿದ್ರೂ ಹೊಣೆ ನಾನು. ಕೇಳೋದಿದ್ರೆ ನನ್ನ ಕೇಳು.”

ಬೆನ್ನ ಹಿಂದೆ ನಿಂತವಳಿಗೆ ಡೆಟಾಲಿನ ವಾಸನೆ ಬಂತು, ಇಲ್ಲದ ವಾಸನೆ. ತರಬೇತಿಯ ಮೊದಲ ವರ್ಷ, ಒಬ್ಬ ಪೇಷಂಟಿನ ಔಷಧಿ ಇನ್ನೊಬ್ಬನಿಗೆ ಹಾಕಿಬಿಟ್ಟಿದ್ದಳು. ಏನೂ ಆಗಲಿಲ್ಲ, ಆದರೆ ದೊಡ್ಡ ಡಾಕ್ಟರು ಕಾರಿಡಾರು ನಡುಗುವ ಹಾಗೆ ಕಿರುಚಿದ್ದರು. ಆಗಲೂ ಇದೇ ಬೆನ್ನು ಎದುರಿಗೆ ಬಂದಿತ್ತು. ನನ್ನ ವಾರ್ಡು, ಹೊಣೆ ನಾನು. ಆಮೇಲೆ ಬಟ್ಟೆ ಕೋಣೆಗೆ ಕರೆದು, ಬಾಗಿಲು ಹಾಕಿ, ದನಿ ಏರಿಸದೆ, “ಅವರ ಮುಂದೆ ಹೊಣೆ ನಾನು. ನನ್ನ ಮುಂದೆ ನೀನು. ಈಗ ಹೇಳು, ಏನು ಮಾಡಿದೆ?” ಎಂದಿದ್ದರು. ಅವಳು ಹೇಳಿದ್ದಳು. ಒಂದೂ ಬಿಡದೆ ಹೇಳಿ ಮುಗಿಸಿದ ಮೇಲೆ ಹಗುರಾಗಿ ಅತ್ತಿದ್ದಳು. ಈಗಲೂ ಹೇಳಬೇಕು. ಈ ಬೆನ್ನನ್ನು ಪಕ್ಕಕ್ಕೆ ಸರಿಸಿ, ಮುಂದೆ ಬಂದು, ‘ಬಟ್ಟಲು ಕೊಟ್ಟೋಳು ನಾನಮ್ಮ’ ಎಂದರೆ ಸಾಕು. ಮೂರೇ ಮಾತು. ನಾಲಿಗೆಯ ಮೇಲೆ ಅವು ಕೂತಿದ್ದವು, ಮೆತ್ತಗೆ, ಬೆಚ್ಚಗೆ.

“ಕೇಳಿದ್ರಲ್ಲ,” ಎಂದ ಮ್ಯಾನೇಜರು ಮಗಳಿಗೆ, ತುಂಬ ಮರುಕದಿಂದ. “ಪಾಪ, ಅವರೇ ಒಪ್ಪಿಕೊಳ್ತಿದಾರೆ.”

ಮಗಳು ದೊಡ್ಡ ಸಿಸ್ಟರಿನ ಕಾಲು ನೋಡಿದಳು, ಚಪ್ಪಲಿಯಿಲ್ಲದ ಕಾಲು. ಅವಳ ಸಿಟ್ಟು ನಿಂತಲ್ಲೇ ನೆಲಕ್ಕೆ ಇಳಿದು ಹೋಯಿತು. ಇಂಥವರ ಮೇಲೆ ಸಿಟ್ಟು ಮಾಡಿ ಗೆದ್ದವರು ಯಾರಿದ್ದಾರೆ? ಹೋಗುವ ಮುಂಚೆ ಸಣ್ಣ ಸಿಸ್ಟರಿನ ಎರಡೂ ಕೈ ಹಿಡಿದುಕೊಂಡಳು. “ಏನೇನೋ ಅಂದ್ಬಿಟ್ಟೆ ಅಕ್ಕ, ಮನಸ್ಸಿಗೆ ಹಚ್ಕೋಬೇಡಿ. ನಾನು ವಾರಕ್ಕೊಂದ್ಸಲ ಬಂದು ಹೋಗೋಳು. ಅಮ್ಮಂಗೆ ಮಗಳು ಅಂತ ಇದ್ದಿದ್ದು ನೀವೇ.” ಗೇಟಿನ ಸದ್ದಾಗುವ ತನಕ ಸಣ್ಣ ಸಿಸ್ಟರ್ ತನ್ನ ಕೈಗಳನ್ನು ಹಾಗೇ ಮುಂದಕ್ಕೆ ಚಾಚಿಕೊಂಡು ನಿಂತಿದ್ದಳು. ಒಂದು ನೂಲಿನ ಎಳೆ ಅಂಟಿಕೊಂಡಿತ್ತು, ಕೆಂಪು.

ಊಟದ ಗಾಡಿ ಬಂತು. ಮ್ಯಾನೇಜರು ಕಳಿಸಿದ ಹತ್ತಿಯ ಅಗಲ ಪಟ್ಟಿಗಳನ್ನು ಆಯಾ ತಂದು ಮೇಜಿನ ಮೇಲೆ ಒಗೆದಳು. “ನನ್ನ ಕೈಲಾಗಲ್ಲಕ್ಕ. ಬೇರೆ ಯಾರನ್ನ ಕಟ್ಟು ಅಂದ್ರೂ ಕಟ್ತೀನಿ, ಬೇಕಾದ್ರೆ ನನ್ನ ಗಂಡನ್ನ ಕಟ್ಟಿ ತಂದು ಇಲ್ಲೇ ಕೂರಿಸ್ತೀನಿ. ಇವರನ್ನ ನೀವೇ ಕಟ್ಕೊಳ್ಳಿ.” ನಗೆ ಬರಲಿಲ್ಲ ಇಬ್ಬರಿಗೂ. ಸಣ್ಣ ಸಿಸ್ಟರ್ ಅವರನ್ನು ಕೈಹಿಡಿದು ಕುರ್ಚಿಗೆ ಕರೆತಂದಳು, ಕೂರಿಸಿದಳು, ಮುಂಗೈಗೆ ಪಟ್ಟಿ ಸುತ್ತಿದಳು. ಗಂಟು ಅಡ್ಡಾದಿಡ್ಡಿ ಬಿತ್ತು. ದೊಡ್ಡ ಸಿಸ್ಟರು ಬಗ್ಗಿ ಅದನ್ನೇ ನೋಡುತ್ತಿದ್ದರು, ಯಾರದೋ ಕೈ ಎಂಬಂತೆ.

“ಇದೇನು ಗಂಟೇ ಇದು? ಬಿಚ್ಚು. ಒಂದೇ ಎಳೆತಕ್ಕೆ ಬಿಚ್ಚೋ ಹಾಗಿರಬೇಕು, ಬೆಂಕಿಗಿಂಕಿ ಬಿದ್ರೆ ಕತ್ತರಿ ಹುಡುಕ್ತಾ ಕೂರ್ತೀಯಾ? ಒಳಗೆ ಎರಡು ಬೆರಳು ಹೋಗ್ಲಿ. ಹಾಂ. ತುದಿ ಕುರ್ಚಿ ಹಿಂದಕ್ಕೆ, ಪೇಷಂಟಿನ ಕೈಗೆ ಸಿಗಬಾರದು.” ಬಿಡುವಿದ್ದ ಕೈಯಿಂದ ತೋರಿಸಿಕೊಟ್ಟರು. ಅವಳು ಹೇಳಿದಂತೆ ಕಟ್ಟಿದಳು. ಎರಡನೆಯ ಕೈಯನ್ನು ಅವರೇ ಚಾಚಿದರು, ಅದನ್ನೂ ಕಟ್ಟಿದಳು. “ಈಗ ಸರಿ,” ಎಂದರು. ಆಮೇಲೆ ಹುಬ್ಬು ಗಂಟಿಕ್ಕಿ, “ಪೇಷಂಟಿಗೆ ಹೇಳಿದ್ಯಾ?”

“ಏನು ಸಿಸ್ಟರ್?”

“ಯಾಕೆ ಕಟ್ತಿದೀವಿ ಅಂತ. ಹೇಳದೆ ಕಟ್ಟಬಾರದು. ತಿಳೀಲಿ ಬಿಡ್ಲಿ, ಹೇಳಬೇಕು. ಮನುಷ್ಯರು ಕಣೇ ಅವರು. ಹೇಳು.”

ಸಣ್ಣ ಸಿಸ್ಟರ್ ಅವರ ಎದುರು ಮಂಡಿಯೂರಿದಳು, ಕಣ್ಣಿಗೆ ಕಣ್ಣು ಸಿಗುವಷ್ಟು ತಗ್ಗಿ. “ನಿನ್ನೆ ಕಿಟಕಿ ಅಜ್ಜಿ ಸತ್ತುಹೋದ್ರು,” ಎಂದಳು. “ಗಂಜಿ ಗಂಟಲಿಗೆ ಸಿಕ್ಕಿಕೊಳ್ತು. ಅವರು ನುಂಗ್ತಿಲ್ಲ ಅಂತ ನಂಗೆ ಗೊತ್ತಿತ್ತು. ಗೊತ್ತಿದ್ದೂ ಬಟ್ಟಲು ನಿಮ್ಮ ಕೈಗೆ ಕೊಟ್ಟೆ. ಈಗ ನೀವೇ ತಗೊಂಡ್ರಿ ಅಂತ ಎಲ್ಲರಿಗೂ ಹೇಳಿದಾರೆ. ನಾನು ಸುಮ್ನೆ ನಿಂತಿದ್ದೆ. ನನ್ನ ಬದಲು ನಿಮ್ಮನ್ನ ಕಟ್ತಿದೀನಿ.” ಒಂದೂ ಬಿಡದೆ ಹೇಳಿದಳು. ದೊಡ್ಡ ಸಿಸ್ಟರು ಕೇಳಿಸಿಕೊಂಡರು, ಪಾಳಿ ಬದಲಾಗುವಾಗ ವರದಿ ಕೇಳುವ ಗಂಭೀರ ಮುಖ ಹೊತ್ತು, ಒಂದೊಂದು ಮಾತಿಗೂ ತಲೆಯಾಡಿಸುತ್ತ. ಕಣ್ಣಿನಲ್ಲಿ ಏನೋ ಹತ್ತಿರ ಬಂದಂತಾಯಿತು. ತುಟಿ ಅಲುಗಿತು. ಅವಳು ಉಸಿರು ಬಿಗಿಹಿಡಿದು ಕಾದಳು. ಬೈಯಲಿ, ಉಗಿಯಲಿ, ಕಾಲು ಬಿಡುವಾಗಿದೆ, ಒದೆಯಲಿ. ಹಾಲಿನ ಆ ತುದಿಯಲ್ಲಿ ಯಾವುದೋ ತಟ್ಟೆ ಬಿತ್ತು. ದೊಡ್ಡ ಸಿಸ್ಟರು ಆ ಕಡೆ ತಿರುಗಿದರು. ಮತ್ತೆ ಈ ಕಡೆ ತಿರುಗಿದಾಗ ಕಣ್ಣಿನಲ್ಲಿ ಯಾರೂ ಇರಲಿಲ್ಲ. ಏಳಲು ಹೋದರು, ಪಟ್ಟಿ ಎಳೆಯಿತು. ತಮ್ಮ ಮುಂಗೈ ನೋಡಿಕೊಂಡರು, ಒಂದನ್ನು, ಆಮೇಲೆ ಇನ್ನೊಂದನ್ನು. ಗಾಬರಿಯಿಂದ ಕೇಳಿದರು:

“ಯಾಕಮ್ಮ ನನ್ನ ಕಟ್ಟಿದೀಯ? ನಾನೇನು ಮಾಡಿದೆ?”

ಗಾಡಿಯ ಮೇಲೆ ಬಟ್ಟಲುಗಳು ತಣ್ಣಗಾಗುತ್ತಿದ್ದವು. ಮೇಸ್ತ್ರಿ ಬಾಯಿ ತೆರೆದು ಕಾಯುತ್ತಿದ್ದ. ಸಣ್ಣ ಸಿಸ್ಟರ್ ಎದ್ದು ನಿಂತಳು.

“ನೀವು ಬೀಳಬಾರದು ಅಂತ ಸಿಸ್ಟರ್.”

“ಓ, ಹೌದಾ,” ಎಂದರು ದೊಡ್ಡ ಸಿಸ್ಟರು. ಮುಖ ತಿಳಿಯಾಯಿತು. “ಒಳ್ಳೇದು ಮಾಡ್ದೆ ಬಿಡು.”